ಬೆಸ ಪಾಠ ನನ್ನದು, ಸಮ ಪಾಠ ನಿನ್ನದು

ಜೂನ್ 11

ಪ್ರೀತಿಯ ಬಾತು,

ಬಂದು ತಲುಪಿದ್ದೇವೆ. ಲಾರಿಯಲ್ಲಿ ಒಂದು ಕನ್ನಡಿ ಒಡೆದದ್ದು ಬಿಟ್ಟರೆ ಎಲ್ಲ ಸುಖ. ಒಡೆದದ್ದು ನನ್ನ ಕನ್ನಡಿ. ಅಪ್ಪನ ಗಡ್ಡದ ಕನ್ನಡಿಗೆ ಒಂದು ಗೀರೂ ಬಿದ್ದಿಲ್ಲ. ಲಾರಿಗಳೂ ದೊಡ್ಡವರ ಪಕ್ಷವೇ ಇರಬೇಕು.

ಮನೆ ಸೈಕಲ್ ಅಂಗಡಿಯ ಮೇಲಿದೆ. ಕೆಳಗೆ ಬೆಳಗಿಂದ ಸಂಜೆತನಕ ಯಾರಾದರೊಬ್ಬರು ಸೈಕಲ್ ಬೆಲ್ಲು ಬಾರಿಸಿ ನೋಡುತ್ತಿರುತ್ತಾರೆ, ನಾನು ಯಾರೋ ಬಂದರು ಅಂತ ಬಾಗಿಲಿಗೆ ಓಡುತ್ತೇನೆ. ಅಪ್ಪನ ಪ್ರೆಸ್ಸು ಹಿಂದಿನ ರಸ್ತೆಯಲ್ಲೇ. ಮುದ್ರಣದ ಮೆಷಿನ್ನುಗಳನ್ನು ಬಿಚ್ಚಿ ಇಲ್ಲಿಗೆ ತಂದಿದ್ದಾರೆ, ಮತ್ತೆ ಜೋಡಿಸಲು ಅಪ್ಪನೇ ಆಗಬೇಕಂತೆ. ಮೆಷಿನ್ನಿನ ಹಿಂದೆ ಅಪ್ಪ, ಅಪ್ಪನ ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು. ನನ್ನನ್ನು ಕೇಳಿದವರು ಯಾರು?

ಹೊರಡುವಾಗ ನಿಮ್ಮಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅಂದರಲ್ಲ, "ಕೊನೇ ವರ್ಷದಲ್ಲಿ ಶಾಲೆ ಬಿಡಿಸೋದಾ? ಕುದಿಯೋ ಪಾತ್ರೇನ ಇಳಿಸಿ ಇನ್ನೊಂದು ಒಲೆ ಹುಡುಕಿದ ಹಾಗಾಯ್ತು" ಅಂತ. ಅಮ್ಮ ಅದನ್ನೇ ನೆನೆದು ದಾರಿಯುದ್ದಕ್ಕೂ ಅತ್ತಳು. ಹೊಸ ಒಲೆ ಚೆನ್ನಾಗಿದೆ ಅಂತ ನಿಮ್ಮಮ್ಮನಿಗೆ ಹೇಳು. ಶಾಲೆಗೆ ಮೂರು ಮಹಡಿ. ಮೆಟ್ಟಿಲಿನ ಮೇಲೆ ಎಲ್ಲರೂ "ಕ್ಷಮಿಸಿ" ಅಂದುಕೊಂಡೇ ಇಳಿಯುತ್ತಾರೆ, ತಳ್ಳುವವರೇ ಇಲ್ಲ.

ಒಂದು ಲಾಭ ನೋಡು. ಗುಡ್ಡದ ಕಾಲೇಜಿಗೆ ಒಂದು ಶಾಲೆಯಿಂದ ಒಂದೇ ಹೆಸರು ಕಳಿಸುತ್ತಾರೆ, ಅವಳಿಗೆ ಸಂದರ್ಶನವಿಲ್ಲದೆ ನೇರ ಸೀಟು. ನಾನು ಅಲ್ಲೇ ಇದ್ದಿದ್ದರೆ ನಮ್ಮಿಬ್ಬರಲ್ಲಿ ಒಬ್ಬಳು ಹೊರಗೆ ನಿಂತು ಉಳಿದವರ ಜೊತೆ ಸಂದರ್ಶನಕ್ಕೆ ಕಾಯಬೇಕಿತ್ತು. ಈಗ ಅಲ್ಲಿಂದ ನೀನು, ಇಲ್ಲಿಂದ ನಾನು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಹೇಗಿದೆ ಲೆಕ್ಕ?

ನಮ್ಮ ಪದ್ಧತಿ ಮಾತ್ರ ಬಿಡುವುದು ಬೇಡ. ಬೆಸ ಪಾಠ ನನ್ನದು, ಸಮ ಪಾಠ ನಿನ್ನದು. ನನ್ನದನ್ನು ನಾನು ಓದಿ ನಿನಗೆ ಹೇಳಬೇಕು, ನಿನ್ನದನ್ನು ನೀನು ಓದಿ ನನಗೆ. ನಿಮ್ಮ ಲಾಂಡ್ರಿಯ ಹಿಂದಿನ ಕೋಣೆ, ಒಣಹಾಕಿದ ಬೆಡ್‌ಶೀಟಿನ ಈಚೆ ಒಬ್ಬಳು, ಆಚೆ ಒಬ್ಬಳು. ಮುಖ ಕಂಡರೆ ನಗು ಬರುತ್ತದೆ ಅಂತ ಹಾಗೆ ಕೂತವರು ಹಾಗೇ ಶಾಲೆ ಮುಗಿಸುತ್ತಾ ಬಂದೆವು. ಬರಿ ಮಾತು, ಚಿತ್ರವಿಲ್ಲ, ಕೈಸನ್ನೆಯಿಲ್ಲ, ಅರ್ಥವಾಗದಿದ್ದರೆ ಕೆಮ್ಮಬೇಕು. ಇದೆಲ್ಲ ನಿನಗೆ ಗೊತ್ತಿರುವುದೇ, ಆದರೂ ಬರೆದೆ. ಬರೆದರೆ ಆ ಸೋಪಿನ ಹಬೆಯೊಳಗೆ ಒಂದು ಗಳಿಗೆ ಹೋಗಿಬಂದ ಹಾಗಾಗುತ್ತದೆ.

ಮೊದಲನೇ ಪಾಠ ಇದರ ಜೊತೆಗಿದೆ. ಫೋನು ಸೈಕಲ್ ಅಂಗಡಿಯಲ್ಲಿದೆ, ಆದರೆ ಅಲ್ಲಿ ನಾಲ್ಕು ಜನರ ಮುಂದೆ ಅಳಲು ಆಗುವುದಿಲ್ಲ. ಕಾಗದವೇ ವಾಸಿ.

ನಿನ್ನ,
ಕಡ್ಡಿ

ಜೂನ್ 24

ಕಡ್ಡಿ,

ನಿನ್ನ ಕಾಗದವನ್ನು ಮೊದಲು ಅಮ್ಮ ಓದಿದಳು, ಆಮೇಲೆ ಷರ್ಟು ತೆಗೆದುಕೊಳ್ಳಲು ಬಂದ ಬಸ್ ಕಂಡಕ್ಟರು ಓದಿದರು, ಮೂರನೆಯವಳು ನಾನು. ಗುಟ್ಟೇನಾದರೂ ಇದ್ದರೆ ಕೊನೇ ಪುಟದಲ್ಲಿ ಬರಿ. ಅಲ್ಲಿತನಕ ಓದುವ ತಾಳ್ಮೆ ಇವರಿಗಿಲ್ಲ.

ನಿನ್ನ ಜಾಗದಲ್ಲಿ ಯಾರೂ ಕೂತಿಲ್ಲ. ಚೀಲ ಇಡುತ್ತೇನೆ. ವಿಜ್ಞಾನದ ಮೇಷ್ಟ್ರು ಹಾಜರಿ ಕೂಗುತ್ತಾ ನಿನ್ನ ನಂಬರಿಗೆ ಬಂದು ನಿಂತರು. "ಕಡ್ಡೀನೇ ಹೋಯ್ತು, ಇನ್ನು ಈ ಬೆಂಕಿಪೊಟ್ಟಣ ಇಟ್ಕೊಂಡು ಏನ್ ಗೀರ್ಲಿ?" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆಮೇಲೆ ನೀರು ಕುಡಿಯುವ ನೆಪ ಹೇಳಿ ಹೊರಗೆ ಹೋದೆ.

ಎರಡನೇ ಪಾಠ ಕಳಿಸಿದ್ದೇನೆ. ಬೆಡ್‌ಶೀಟಿನ ಆಚೆ ನೀನು ಕೂತಿದ್ದೀ ಅಂದುಕೊಂಡೇ ಬರೆದೆ. ನೀನು ಎಲ್ಲೆಲ್ಲಿ ಕೆಮ್ಮುತ್ತೀ ಅಂತ ನನಗೆ ಗೊತ್ತಲ್ಲ, ಅಲ್ಲೆಲ್ಲ ಎರಡು ಸಲ ಹೇಳಿದ್ದೇನೆ.

ಹೊಸ ಸ್ನೇಹಿತರು ಸಿಕ್ಕಿದರಾ? ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಇನ್ನೂ ಸಂತೋಷ.

ಬಾತು

ಜುಲೈ 8

ಪ್ರೀತಿಯ ಬಾತು,

ನಿನ್ನ ಎರಡನೇ ಪಾಠದಿಂದ ತುಂಬ ಉಪಯೋಗವಾಯಿತು. ಇಲ್ಲಿನ ಪುಸ್ತಕಕ್ಕೆ ರಟ್ಟಿನ ಬಣ್ಣ ಬೇರೆ, ಅಷ್ಟೇ. ಮೂರನೇ ಪಾಠ ಕಳಿಸಿದ್ದೇನೆ. ನಿನಗೆ ಲೆಕ್ಕ ಬಿಡಿಸುವ ಆತುರ ಜಾಸ್ತಿ, ಎರಡನೇ ಪುಟದಲ್ಲಿ ಸ್ವಲ್ಪ ನಿಂತು ಓದು.

ಸ್ನೇಹಿತರು ಸಿಕ್ಕಿದ್ದಾರೆ. ಒಂದು ದಂಡೇ ಇದೆ. ಒಬ್ಬಳು ಪಿಟೀಲು ನುಡಿಸುತ್ತಾಳೆ, ಇನ್ನೊಬ್ಬಳ ಅಣ್ಣ ವಿಮಾನದಲ್ಲಿ ಕೆಲಸಕ್ಕಿದ್ದಾನೆ. ಮಧ್ಯಾಹ್ನ ಊಟಕ್ಕೆ ಕೂತರೆ ನನ್ನನ್ನು ಏಳಲಿಕ್ಕೇ ಬಿಡುವುದಿಲ್ಲ. ನೀನು ಹೊಟ್ಟೆ ಉರಿದುಕೊಳ್ಳಬೇಡ.

ನಮ್ಮೂರಲ್ಲಿ ಈಗ ಶಾಲೆ ಬಿಟ್ಟ ಮೇಲೆ ಯಾವ ದಾರಿಯಲ್ಲಿ ಮನೆಗೆ ಹೋಗುತ್ತೀ? ಗರಗಸದ ಕಾರ್ಖಾನೆ ಕಡೆಯಿಂದಲೋ, ಸೇತುವೆ ಕಡೆಯಿಂದಲೋ? ಕಾರ್ಖಾನೆ ಕಡೆಯಿಂದ ಹೋದರೆ ಆ ಮುದಿ ನಾಯಿಗೆ ನನ್ನ ಪರವಾಗಿ ಒಂದು ಬೈಗುಳ ಹೇಳು.

ಕಡ್ಡಿ

ಆಗಸ್ಟ್ 19

ಕಡ್ಡಿ,

ಕೆಲಸ ಜಾಸ್ತಿಯಾಗಿ ಬರೆಯಲಾಗಲಿಲ್ಲ. ಆಸ್ಪತ್ರೆಯವರು ಬೆಡ್‌ಶೀಟುಗಳನ್ನೆಲ್ಲ ನಮ್ಮಲ್ಲಿಗೇ ಕಳಿಸುತ್ತಿದ್ದಾರೆ. ಹಿಂದಿನ ಕೋಣೆ ಹಡಗಿನ ಹಾಗಾಗಿದೆ, ಎಲ್ಲಿ ನೋಡಿದರೂ ಹಾಯಿ.

ನಾಲ್ಕನೇ ಪಾಠ, ಆರನೇ ಪಾಠ ಎರಡೂ ಇವೆ. ನಿನ್ನ ಐದನೆಯದು ಬೇಗ ಕಳಿಸು. ಒಬ್ಬಳೇ ಓದಲು ಕೂತರೆ ತಲೆಗೆ ಹತ್ತುವುದಿಲ್ಲ. ಸಮ ಪಾಠ ಬಂದರೆ ಕುದುರೆ, ಬೆಸ ಪಾಠ ಬಂದರೆ ಕತ್ತೆ. ನನ್ನನ್ನು ಹೀಗೆ ಅರ್ಧ ಕತ್ತೆ ಮಾಡಿ ಹೋದವಳು ನೀನು. ಪಿಟೀಲಿನವಳ ಪಕ್ಕದಿಂದ ಎದ್ದು ಬರಲು ಪುರುಸೊತ್ತಾದಾಗ ಬರಿ.

ಮೇಷ್ಟ್ರು ನಿನ್ನ ಶಾಲೆಯ ಬಗ್ಗೆ ಏನೋ ಹೇಳುತ್ತಿದ್ದರು. ಅಂಥದ್ದೇನಿಲ್ಲ, ಬಿಡು.

ಬಾತು

ಅಕ್ಟೋಬರ್ 15

ಕಡ್ಡಿ,

ಐದನೇ ಪಾಠ ಬಂತು, ಏಳನೆಯದೂ ಬಂತು. ಜೊತೆಗೆ ಒಂದು ಸಾಲಾದರೂ ಬರೆಯಬಾರದಾ? ಬರಿ ಪಾಠ ಕಳಿಸಲು ನೀನೇನು ಟ್ಯೂಷನ್ ಮೇಡಮ್ಮಾ?

ಬೇಜಾರಾಗಿದ್ದರೂ ಬರೆಯುತ್ತಿದ್ದೇನೆ, ಯಾಕೆಂದರೆ ಸುದ್ದಿ ಅಂಥದ್ದು. ಗುಡ್ಡದ ಕಾಲೇಜಿಗೆ ನನ್ನ ಹೆಸರು ಹೋಯಿತು! ದೊಡ್ಡ ಮೇಡಂ ಕೋಣೆಗೆ ಕರೆದು, "ನಿನ್ನ ಬಗ್ಗೆ ಬರೀತಾ ಬರೀತಾ ಮೇಷ್ಟ್ರಿಗೆ ಎರಡು ಪುಟ ಸಾಲಲಿಲ್ಲ ಕಣೇ" ಅಂದರು. ಅಮ್ಮ ಆ ದಿನ ಇಬ್ಬರ ಪ್ಯಾಂಟು ಸುಟ್ಟಳು.

ನಿನ್ನ ಹೆಸರು ಹೋಗಿರಬೇಕಲ್ಲ? ಅಲ್ಲಿ ನೀನೇ ಮೊದಲು, ನನಗೆ ಗೊತ್ತು. ಒಂದೇ ಒಂದು ಸಾಲು ಬರಿ. "ಹೋಯಿತು" ಅಂತ ಬರೆದರೂ ಸಾಕು.

ಬಾತು

ನವೆಂಬರ್ 20

ಬಾತು,

ಹೋಗಲಿಲ್ಲ.

ಹೋಗುವುದಿಲ್ಲ ಅಂತ ನನಗೆ ಜೂನ್ ತಿಂಗಳಲ್ಲೇ ಹೇಳಿದ್ದರು. ಹೆಸರು ಕಳಿಸಬೇಕಾದರೆ ಅದೇ ಶಾಲೆಯಲ್ಲಿ ಎರಡು ವರ್ಷ ಓದಿರಬೇಕು. ಹಳೇ ಶಾಲೆ ನನ್ನನ್ನು ಬಿಟ್ಟಿತು, ಹೊಸ ಶಾಲೆ ಹಿಡಿಯಲಿಲ್ಲ. ಒಂದೇ ಕೋಣೆ ಅಂತ ಅಷ್ಟು ದೊಡ್ಡದಾಗಿ ಬರೆದಿದ್ದೆನಲ್ಲ, ಅದನ್ನು ಅಳಿಸಲು ಕೈ ಬರಲಿಲ್ಲ.

ಇನ್ನೂ ಕೇಳು. ನಮ್ಮ ಮೇಷ್ಟ್ರು ಮಾರ್ಕು ಕೊಡುವುದರಲ್ಲಿ ಎಂಥ ಜಿಪುಣರು ಅಂತ ನಿನಗೆ ಗೊತ್ತು. ಅವರು ಅರವತ್ತೆಂಟು ಕೊಟ್ಟ ದಿನ ನಾವಿಬ್ಬರೂ ಸೇತುವೆ ಮೇಲೆ ಕುಣಿದಿದ್ದೆವು. ಇಲ್ಲಿ ಎಲ್ಲರಿಗೂ ತೊಂಬತ್ತು. ನನ್ನ ಹಳೇ ಅಂಕಪಟ್ಟಿ ನೋಡಿ ಗುಮಾಸ್ತರು ಕನಿಕರದಿಂದ, "ಪರವಾಗಿಲ್ಲಮ್ಮ, ಕಷ್ಟಪಟ್ರೆ ಸುಧಾರಿಸ್ಕೋಬಹುದು" ಅಂದರು. ನಾನು! ಸುಧಾರಿಸಿಕೊಳ್ಳಬೇಕಂತೆ!

ಹೆಸರು ಹೋಗದವರಿಗೆ ಇರುವುದು ಫೆಬ್ರವರಿಯ ಸಂದರ್ಶನ ಒಂದೇ. ಅದಕ್ಕೂ ಟೀಚರೊಬ್ಬರು ಅಭಿಪ್ರಾಯ ಬರೆದುಕೊಡಬೇಕು. ನಮ್ಮ ಕ್ಲಾಸ್ ಟೀಚರು ಒಳ್ಳೆಯವರು, ಪೆನ್ನು ಹಿಡಿದು ಬಹಳ ಹೊತ್ತು ಕೂತರು. "ನಿನ್ ಬಗ್ಗೆ ನನಗೇನೂ ಗೊತ್ತಿಲ್ವಲ್ಲಮ್ಮ" ಅಂದರು. ಕೊನೆಗೆ, "ಶಾಂತ ಸ್ವಭಾವದ ಹುಡುಗಿ" ಅಂತ ಬರೆದರು. ಬಾತು, ನನ್ನನ್ನು ಕಣೇ. ಹೆಚ್ಚು ಮಾತಾಡಿದ್ದಕ್ಕೆ ಪ್ರತಿ ತಿಂಗಳೂ ಬಾಗಿಲ ಹೊರಗೆ ನಿಂತವಳನ್ನು.

ಪಿಟೀಲಿನವಳು ಇದ್ದಾಳೆ, ಆದರೆ ಅವಳಿಗೆ ನನ್ನ ಹೆಸರು ಗೊತ್ತಿಲ್ಲ. ದಂಡು ಇಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತು ಊಟ ಮಾಡುತ್ತೇನೆ.

ಪುಸ್ತಕಕ್ಕೆ ರಟ್ಟಿನ ಬಣ್ಣವಷ್ಟೇ ಅಲ್ಲ, ಪಾಠಗಳೇ ಬೇರೆ. ನಿನ್ನ ಎರಡು, ನಾಲ್ಕು, ಆರು ಯಾವುವೂ ಇಲ್ಲಿ ಇಲ್ಲ. ನಿನಗೆ ಕಳಿಸಿದ್ದೆಲ್ಲ ನಾನು ತಂದಿಟ್ಟುಕೊಂಡ ಹಳೇ ಪುಸ್ತಕ ಓದಿ ಬರೆದದ್ದು. ಇದನ್ನು ದೊಡ್ಡ ಉಪಕಾರ ಅಂತ ತಿಳಿಯಬೇಡ. ಸಂಜೆ ನಿನಗೆ ಪಾಠ ಬರೆಯುವಾಗ ಮಾತ್ರ ಯಾರೋ ನನ್ನ ಮಾತು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಅದೊಂದು ಗಂಟೆಗೋಸ್ಕರ ಉಳಿದ ದಿನ ಕಳೆಯುತ್ತಿದ್ದೆ.

ನಿನ್ನ ಹೆಸರು ಹೋದದ್ದು ಓದಿ ಸಂತೋಷವಾಯಿತು. ಸಂತೋಷಕ್ಕಿಂತ ಮುಂಚೆ ಹೊಟ್ಟೆ ಉರಿಯಿತು. ಎರಡೂ ನಿಜ.

ಕಡ್ಡಿ

ನವೆಂಬರ್ 29

ಕಡ್ಡಿ,

ನೀನು ನಿಜ ಬರೆದ ಮೇಲೆ ನಾನು ಸುಮ್ಮನಿದ್ದರೆ ಅನ್ನಕ್ಕೆ ದ್ರೋಹ.

ಪುಸ್ತಕ ಬೇರೆ ಅಂತ ನನಗೆ ಆಗಸ್ಟಿನಲ್ಲೇ ಗೊತ್ತಾಯಿತು. ಮೇಷ್ಟ್ರು ಹೇಳಿದ್ದು ಅದನ್ನೇ. "ಆ ಊರಲ್ಲಿ ಬೇರೆ ಪುಸ್ತಕ ಕಣಮ್ಮ, ಪಾಪ ಮೊದಲಿಂದ ಶುರು ಮಾಡ್ಬೇಕು ಅವಳು" ಅಂದರು. ನನಗೆ ನಿನ್ನ ಬೆಸ ಪಾಠಗಳು ಬೇಕಿದ್ದವು. ನೀನು ಹೇಳಿದರೇನೇ ನನಗೆ ಅರ್ಥವಾಗುವುದು. ನೀನಾಗಿ ನಿಲ್ಲಿಸುವತನಕ ನಾನಾಗಿ ಬಾಯಿ ಬಿಡಬಾರದು ಅಂದುಕೊಂಡೆ. ನಿನ್ನ ಹೊತ್ತು ತಿಂದೆ. ನಿನ್ನ ಐದು ಮತ್ತು ಏಳರಿಂದಲೇ ನಾನು ಅರ್ಧವಾರ್ಷಿಕದಲ್ಲಿ ಮೊದಲು ಬಂದೆ, ಅದರಿಂದಲೇ ನನ್ನ ಹೆಸರು ಹೋಯಿತು.

ಬೈದು ಬರಿ. ಬೈಯದೆ ಮಾತ್ರ ಇರಬೇಡ.

ನಿನ್ನ ಹೊಸ ಪುಸ್ತಕದ ಇನ್ನೊಂದು ಪ್ರತಿ ಕಳಿಸು. ಸಮ ಪಾಠಗಳನ್ನು ನಾನು ಓದಿ ಬರೆಯುತ್ತೇನೆ. ನನ್ನ ಪರೀಕ್ಷೆ ಹಾಳಾಗಿ ಹೋಗಲಿ.

ಬಾತು

ಜನವರಿ 4

ಕಡ್ಡಿ,

ಪುಸ್ತಕ ಬರಲಿಲ್ಲ, ಬೈಗುಳವೂ ಬರಲಿಲ್ಲ. ಮೇಷ್ಟ್ರನ್ನು ಕಾಡಿ ನಿಮ್ಮ ಪುಸ್ತಕ ತರಿಸಿಕೊಂಡೆ. ಎರಡು, ನಾಲ್ಕು, ಆರು, ಎಂಟು ಇದರಲ್ಲಿವೆ. ಓದದಿದ್ದರೆ ಒಲೆಗೆ ಹಾಕು. ಅಂತೂ ಬರೆದಿದ್ದೇನೆ.

ಬಾತು

ಫೆಬ್ರವರಿ 17

ಪ್ರೀತಿಯ ಬಾತು,

ಒಲೆಗೆ ಹಾಕಲಿಲ್ಲ. ಹಾಕಬೇಕು ಅಂತ ಎರಡು ಸಲ ಅಡುಗೆಮನೆತನಕ ಹೋಗಿದ್ದು ನಿಜ. ನೀನು ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಬಂದ ಕೋಪವನ್ನು ಯಾರ ಮೇಲೆ ಹಾಕಲಿ? ಇಲ್ಲಿ ನನಗೆ ಜಗಳವಾಡಲು ಕೂಡ ಒಬ್ಬರಿಲ್ಲ. ಕೊನೆಗೆ ನಿನ್ನ ಎರಡನೇ ಪಾಠ ತೆಗೆದೆ. ನಾನು ಎಲ್ಲಿ ಕೆಮ್ಮಬೇಕೋ ಸರಿಯಾಗಿ ಅಲ್ಲೇ, "ಆಯ್ತು, ಇನ್ನೊಂದ್ಸಲ ಹೇಳ್ತೀನಿ, ಕೇಳು" ಅಂತ ಬರೆದಿದ್ದೀ. ಅದನ್ನು ಓದಿ ಅತ್ತೆ. ಆಮೇಲೆ ಉಳಿದದ್ದನ್ನೆಲ್ಲ ಕೂತು ಓದಿದೆ.

ನಿನ್ನೆ ಸಂದರ್ಶನ ಆಯಿತು. ಕಾಲೇಜು ನಾವು ಅಂದುಕೊಂಡ ಹಾಗೇ ಇದೆ, ಮೆಟ್ಟಿಲು ಮಾತ್ರ ಜಾಸ್ತಿ. ಒಳಗೆ ಉದ್ದನೆಯ ಮೇಜು, ಮೂವರು. ಒಬ್ಬರು ಕಾಗದ ನೋಡಿ, "ಹಿಂದೆ ಅರವತ್ತೆಂಟು, ಈಗ ಎಂಬತ್ತೊಂಬತ್ತು. ಇದ್ರಲ್ಲಿ ನೀನು ಯಾರಮ್ಮ?" ಅಂದರು. "ಅರವತ್ತೆಂಟು ಸರ್, ಅದೇ ಕಷ್ಟದ್ದು" ಅಂದೆ. ಒಬ್ಬ ಮೇಡಂ ನಕ್ಕರು, ಅವರು ಮಾತ್ರ.

ಬೆಳಕು ನೀರೊಳಗೆ ಯಾಕೆ ಬಾಗುತ್ತದೆ ಹೇಳು ಅಂದರು. ಅದು ನೀನು ಜನವರಿಯಲ್ಲಿ ಕಳಿಸಿದ ಆರನೇ ಪಾಠ. ಕೈಗೆ ಸೀಮೆಸುಣ್ಣ ಕೊಟ್ಟರು. ನಾನು ಅದನ್ನು ಹಿಡಿದುಕೊಂಡೇ ಬಾಯಲ್ಲೇ ಪೂರ್ತಿ ಹೇಳಿ ಮುಗಿಸಿದೆ, ಬೋರ್ಡಿನ ಕಡೆ ತಿರುಗಲೇ ಇಲ್ಲ. ಕೊನೆಗೆ ಆ ಮೇಡಂ, "ಚಿತ್ರ ಯಾಕೆ ಬರೀಲಿಲ್ಲ?" ಅಂತ ಕೇಳಿದರು. ಲಾಂಡ್ರಿ, ಬೆಡ್‌ಶೀಟು, ಕೆಮ್ಮು ಎಲ್ಲ ಹೇಳಿದೆ. ಅವರು ನನ್ನ ಕಾಗದ ನೋಡಿ, "ಶಾಂತ ಸ್ವಭಾವದ ಹುಡುಗಿ ಅಂತಿದ್ಯಲ್ಲ?" ಅಂದರು. ಮೂವರೂ ನಕ್ಕರು. ಮೇಜಿನ ಈಚೆ ನಾನೂ ನಕ್ಕೆ. ನಮ್ಮೂರು ಬಿಟ್ಟ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಸಿಗುತ್ತದೆ ಅನ್ನಿಸುತ್ತಿದೆ ಬಾತು. ಗಟ್ಟಿಯಾಗಿ ಹೇಳಲು ಭಯ.

ಕಡ್ಡಿ

ಮೇ 6

ಬಾತು,

ಸಿಗಲಿಲ್ಲ. ಕಾಯುವವರ ಪಟ್ಟಿಯಲ್ಲಿ ಇದ್ದೇನೆ, ಅದು ಅಲುಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಸಂದರ್ಶನದಲ್ಲಿ ಒಳ್ಳೆಯ ಅಂಕ ಬಂದಿದೆ, ಶಾಲೆಯ ಅಭಿಪ್ರಾಯದಲ್ಲಿ ತೀರ ಕಡಿಮೆ. ಅಲ್ಲೇ ಇದ್ದಿದ್ದರೆ ಅಂತ ಅಮ್ಮ ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಅಪ್ಪ ಮೊನ್ನೆ ಪ್ರೆಸ್ಸಿನಿಂದ ಬಂದವನು ಶಾಯಿ ಕೈಯನ್ನೂ ತೊಳೆಯದೆ ನನ್ನ ಪಕ್ಕ ಕೂತ. "ನಾನು ಒಂದು ವರ್ಷ ತಡೆದು ಬರ್ಬೇಕಿತ್ತು ಮಗಳೇ" ಅಂದ. ಅದು ಅವನ ಕೈಯಲ್ಲಿ ಇರಲಿಲ್ಲ, ನನಗೆ ಗೊತ್ತು.

ಮಾರುಕಟ್ಟೆ ಹಿಂದಿನ ಸಣ್ಣ ಕಾಲೇಜಿಗೆ ಸೇರುತ್ತೇನೆ. ನೀನು ಗುಡ್ಡ ಹತ್ತು. ಹಿಂದೆ ತಿರುಗಿ ನೋಡಿದರೆ ಒದೆ ಬೀಳುತ್ತದೆ.

ಕಡ್ಡಿ

ಜುಲೈ 13

ಕಡ್ಡಿ,

ತಿರುಗಿ ನೋಡಿದೆ, ಒದೆಯುವುದಿದ್ದರೆ ಬಾ. ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಪುಸ್ತಕ. ವಾರ್ಡನ್ ಬೇರೆ ಹುಡುಗಿಯನ್ನು ಹಾಕಲು ಬಂದಾಗಲೆಲ್ಲ, "ಒಬ್ಬಳು ಬರೋಳಿದ್ದಾಳೆ ಮೇಡಂ" ಅನ್ನುತ್ತೇನೆ. ಎರಡನೇ ವರ್ಷಕ್ಕೆ ಬೇರೆ ಕಾಲೇಜಿನಿಂದ ಕೆಲವರನ್ನು ತೆಗೆದುಕೊಳ್ಳುತ್ತಾರಂತೆ. ನಿನ್ನನ್ನು ಸಂದರ್ಶನ ಮಾಡಿದ ಮೇಡಂ ನಮಗೆ ಪಾಠಕ್ಕೆ ಬರುತ್ತಾರೆ. "ಬೆಡ್‌ಶೀಟಿನ ಹುಡುಗಿ ಎಲ್ಲಿ?" ಅಂತ ಅವರಾಗೇ ಕೇಳಿದರು. ನಾನು ಅವರ ಬೆನ್ನು ಬಿಡುವುದಿಲ್ಲ.

ಬಾತು

ಮರುವರ್ಷ, ಮೇ 22

ಪ್ರೀತಿಯ ಬಾತು,

ನಿನ್ನ ತಂತಿ ಬಂತು, ಹಿಂದೆಯೇ ಕಾಲೇಜಿನ ಕಾಗದವೂ ಬಂತು. ಎರಡನೇ ವರ್ಷಕ್ಕೆ ನನಗೊಂದು ಜಾಗ. ನೀನು ಆ ಮೇಡಂ ಬೆನ್ನು ಬಿದ್ದು ಬೇತಾಳನ ಹಾಗೆ ಕಾಡಿದ್ದೀ ಅಂತ ಗೊತ್ತು. ಅಮ್ಮ ಆಗಲೇ ಟ್ರಂಕು ಇಳಿಸಿದ್ದಾಳೆ.

ನಾನು ಬರುವುದಿಲ್ಲ.

ಪೂರ್ತಿ ಓದು, ಹರಿಯಬೇಡ. ಈ ಸಣ್ಣ ಕಾಲೇಜಿನಲ್ಲಿ ಮೊದಲ ಮೂರು ತಿಂಗಳು ನಾನು ಬಾಯಿ ತೆಗೆಯಲಿಲ್ಲ. ಆಮೇಲೆ ಒಂದು ದಿನ ಪ್ರಯೋಗಶಾಲೆಯಲ್ಲಿ ಪಕ್ಕದವಳು ಏನೋ ಅರ್ಥವಾಗದೆ ಅಳುತ್ತಿದ್ದಳು, ಬಾಯಲ್ಲೇ ಹೇಳಿಕೊಟ್ಟೆ. ಮಾರನೇ ದಿನ ಇಬ್ಬರು ಬಂದರು. ಈಗ ಸಂಜೆ ಹೊತ್ತು ಸೈಕಲ್ ಅಂಗಡಿಯ ಹಿಂದೆ ಒಂದು ಗುಂಪೇ ಕೂರುತ್ತದೆ. ಈ ಸಲ ಸುಳ್ಳಲ್ಲ ಕಣೇ, ಬೇಕಾದರೆ ಅಂಗಡಿಯವರನ್ನು ಕೇಳು, ಗಲಾಟೆ ತಡೆಯಲಾರದೆ ಬೈಯುತ್ತಾರೆ. ಪ್ರೊಫೆಸರು ಮೊನ್ನೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಎಷ್ಟು ಹಾಯೆನಿಸಿತು ಅಂತ ಹೇಳಲಾರೆ.

ಇನ್ನೊಂದು ಸಲ ಬುಡ ಕಿತ್ತು ಬೇರೆ ಕಡೆ ನೆಟ್ಟರೆ ಚಿಗುರುತ್ತೇನೋ ಇಲ್ಲವೋ, ನನಗೆ ಧೈರ್ಯವಿಲ್ಲ. ಗುಡ್ಡದ ಕಾಲೇಜು ನನಗೆ ಈಗಲೂ ಬೇಕು. ಆದರೆ ಬೇಕಾಗಿರುವುದು ಕಾಲೇಜೋ, ನಾವಿಬ್ಬರೂ ಸೇತುವೆ ಮೇಲೆ ಕೂತು ಅದರ ಬಗ್ಗೆ ಆಡಿದ ಮಾತೋ ಅಂತ ಯೋಚಿಸಿದೆ. ಮಾತೇ ಇರಬೇಕು. ಆ ಮಾತು ಆಡಿದ ಹುಡುಗಿಯರು ಗುಡ್ಡದ ಮೇಲೂ ಸಿಗುವುದಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ಎಳ್ಳಷ್ಟೂ ಇಲ್ಲ. ಬರಲಾರೆ, ಅಷ್ಟೇ.

ನಿನ್ನ,
ಕಡ್ಡಿ

ಜುಲೈ 2

ಕಡ್ಡಿ,

ನಿನ್ನ ಕಾಗದ ಹರಿದೆ. ಆಮೇಲೆ ಅಂಟಿಸಿ ಇನ್ನೊಂದು ಸಲ ಓದಿದೆ. ಒಂದು ತಿಂಗಳು ನಿನಗೆ ಬರೆಯಬಾರದು ಅಂತ ಹಟ ಹಿಡಿದಿದ್ದೆ. ಹಿಡಿದು ಮುಗಿಯಿತು.

ಒಂದು ವರ್ಷ ಪೂರ್ತಿ ನಿನ್ನನ್ನು ಇಲ್ಲಿಗೆ ಎಳೆದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ನಿನಗೆ ಏನು ಬೇಕು ಅಂತ ಒಂದು ಸಲವೂ ಕೇಳಲಿಲ್ಲ. ನಿಮ್ಮಪ್ಪನ ಮೆಷಿನ್ನಿಗಿಂತ ನಾನೇನು ಮೇಲು? ನಿನ್ನ ಗುಂಪಿನ ಮೇಲೆ ಈ ಸಲ ನಿಜವಾಗಿ ಹೊಟ್ಟೆ ಉರಿಯಿತು.

ಸೋಮವಾರ ವಾರ್ಡನ್ ಬಂದು, "ನಿನ್ನ ಆ ಒಬ್ಬಳು ಈ ವರ್ಷನಾದ್ರೂ ಬರ್ತಾಳಾ?" ಅಂದರು. ಇಲ್ಲ ಅಂದೆ. ಮಂಚದ ಮೇಲಿನ ಪುಸ್ತಕಗಳನ್ನು ನಾನೇ ಕೆಳಗಿಟ್ಟೆ. ಮಧ್ಯಾಹ್ನ ಒಬ್ಬ ಹುಡುಗಿಯನ್ನು ತಂದು ಬಿಟ್ಟರು. ಮೊದಲ ವರ್ಷದವಳು, ದೂರದ ಊರು. ಬಂದಾಗಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಕರೆದರೆ ತಲೆ ಅಲ್ಲಾಡಿಸುತ್ತಾಳೆ, ಅಷ್ಟೇ. ಪಕ್ಕದ ಕೋಣೆಯವರು, "ಪರವಾಗಿಲ್ಲ, ನಿನಗೆ ಶಾಂತ ಹುಡುಗಿ ಸಿಕ್ಕಿದ್ದಾಳೆ" ಅಂದರು. ನನಗೆ ಮೈ ಉರಿಯಿತು.

ಈಗಷ್ಟೇ, ಇದನ್ನು ಬರೆಯುತ್ತಾ, ಅವಳನ್ನು ಕೇಳಿದೆ. "ನಿಮ್ ಶಾಲೇಲಿ ನಿನ್ ಪಕ್ಕ ಯಾರು ಕೂರ್ತಿದ್ರು?" ಅಂತ. ಎದ್ದು ಕೂತು ನನ್ನನ್ನೇ ನೋಡಿದಳು, ಒಂದು ಹೆಸರು ಹೇಳಿದಳು, ಅಳಲು ಶುರು ಮಾಡಿದಳು.

ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ ಕಡ್ಡಿ. ಅವಳ ಹತ್ತಿರ ಹೋಗಿ ಕೂರಬೇಕು.

ಬಾತು